ಜಮಖಂಡಿಯ ಸೂರ್ಯಗ್ರಹಣವೂ ವಿಶ್ವವಿದ್ಯಾಲಯದ ವೇಧಶಾಲೆಯೂ

ಕ್ರಿ.ಶ. 1868ನೆಯ ಆಗಸ್ಟ್ 18ರಂದು ಸಂಭವಿಸಿದ ಖಗ್ರಾಸ ಸೂರ್ಯಗ್ರಹಣವು ಖಗೋಳವಿಜ್ಞಾನದ ಇತಿಹಾಸದಲ್ಲಿ ಚಿರಸ್ಮರಣೀಯವಾದುದು. ಆ ಸಂಬಂಧದಲ್ಲಿ ಗುಂಟೂರಿನ ಹೆಸರು ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂದು ಪಟವರ್ಧನ ಮನೆತನದ ಸಂಸ್ಥಾನವಾಗಿದ್ದು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿಯೂ ಅದೇ ಮಾಲೆಯ ಊರೆಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಲ್ಲವರು ವಿರಳ.

ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಇಲ್ಲಿಗೆ ಬಂದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಇವರು ಭಾರತದ ಮಹಾ ತ್ರಿಕೋನಮಿತೀಯ ಮೋಜಣಿಯ ಅಧಿಕಾರಿ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲರ ಮೊಮ್ಮಗ. ಪೂರ್ಣಗ್ರಹಣದ ಕಾಲದಲ್ಲಿ ಸೂರ್ಯಬಿಂಬದ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಸೂರ್ಯನಿಗೇ ಸೇರಿದವೆಂಬುದು 1860ರ ಗ್ರಹಣದ ಛಾಯಾಚಿತ್ರಗಳಿಂದ ತಿಳಿದಿತ್ತು. ಅವು ಯಾವ ವಸ್ತುವಿನವು ಎಂಬ ಪ್ರಶ್ನೆ ಮಾತ್ರ ಉಳಿದಿತ್ತು.

ಅದಕ್ಕೆ ಉತ್ತರ ಕೊಡಬಲ್ಲ ಉಪಕರಣವೆಂದರೆ ರೋಹಿತದರ್ಶಕ. ಕಾದ ಘನವಸ್ತುವಿನ ಬೆಳಕನ್ನು ಅಶ್ರಗದ ಮೂಲಕ ಹಾಯಿಸಿದರೆ ಎಡೆಬಿಡದ ಬಣ್ಣದ ಪಟ್ಟಿ ದೊರೆಯುತ್ತದೆ. ಉಜ್ವಲವಾದ ವಿರಳ ಅನಿಲದ ಬೆಳಕಾದರೆ ಬಿಡಿಬಿಡಿಯಾದ ಪ್ರಕಾಶಮಾನ ಗೆರೆಗಳು ಮಾತ್ರ ಕಾಣುತ್ತವೆ. ಒಂದೊಂದು ಮೂಲವಸ್ತುವಿಗೂ ತನ್ನದೇ ಆದ ಗೆರೆಗಳಿವೆ ಎಂಬುದನ್ನು ಕಿರ್ಖಾಫ್ ಮತ್ತು ಬುನ್ಸೆನ್ ಆ ಗ್ರಹಣಕ್ಕೆ ಒಂದು ದಶಕದೊಳಗೆ ಹಿಂದೆ ಸ್ಥಾಪಿಸಿದ್ದರು.

ಮಳೆಗಾಲದ ಆ ಬೆಳಗ್ಗೆ ಜಮಖಂಡಿಯ ಆಕಾಶದಲ್ಲಿ ಮೋಡ ಕವಿದಿತ್ತು. ಪೂರ್ಣಗ್ರಹಣದ ಅವಧಿಯೋ ಸುಮಾರು ಐದು ನಿಮಿಷ. ಮೋಡ ಬಿರಿದ ಅಲ್ಪಾವಕಾಶದಲ್ಲಿ ಹರ್ಷೆಲರು ಒಂದು ಜ್ವಾಲೆಯತ್ತ ಉಪಕರಣವನ್ನು ತಿರುಗಿಸಿದರು. ಕಂಡವು ಮೂರು ಗೆರೆಗಳು: ಕೆಂಪು, ಕಿತ್ತಳೆ, ನೀಲಿ. ಎಡೆಬಿಡದ ಪಟ್ಟಿಯ ಸುಳಿವೂ ಇರಲಿಲ್ಲ. ಆದ್ದರಿಂದ ಜ್ವಾಲೆಗಳು ಉಜ್ವಲವಾದ ಅನಿಲವೆಂಬುದು ನಿಶ್ಚಯವಾಯಿತು. ಗುಂಟೂರು ಮೊದಲಾದ ಕಡೆಗಳ ವೀಕ್ಷಕರೂ ಇದೇ ನಿರ್ಣಯಕ್ಕೆ ಬಂದರು.

ಕೆಂಪು, ನೀಲಿ ಗೆರೆಗಳು ಜಲಜನಕದವು. ಕಿತ್ತಳೆಯ ಗೆರೆಯನ್ನು ಹರ್ಷೆಲರು, ತಮ್ಮ ಉಪಕರಣದ ಸಾಮರ್ಥ್ಯದ ಮಿತಿಯೊಳಗೆ ಹೇಳುವುದಾದರೆ, ಸೋಡಿಯಂನ ‘ಡಿ’ ಗೆರೆಯೆಂದೇ ಎಣಿಸಿದರು. ಇಲ್ಲಿ ‘ಮಿತಿಯೊಳಗೆ’ ಎಂಬ ಮಾತು ಗಮನಾರ್ಹ. ಸೋಡಿಯಂನ ಜೋಡಿಗೆರೆಗಳ ತರಂಗಮಾನ 589.0 ಮತ್ತು 589.6 ನ್ಯಾನೊಮೀಟರ್, ಜ್ವಾಲೆಯ ಗೆರೆಯದು 587.6. ಅಂತರವು ಎರಡು ನ್ಯಾನೊಮೀಟರಿನೊಳಗೆ. ಮೋಡದ ಮರೆಯಲ್ಲಿ, ಕೆಲವೇ ಕ್ಷಣಗಳಲ್ಲಿ, ಅದನ್ನು ಬೇರ್ಪಡಿಸಿ ಅಳೆಯುವುದು ಸುಲಭಸಾಧ್ಯವಲ್ಲ.

ಬೇಕಾಗಿದ್ದುದು ಕಾಲಾವಕಾಶ. ಗುಂಟೂರಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಮರುದಿನವೇ ಗ್ರಹಣವಿಲ್ಲದೆ ಜ್ವಾಲೆಗಳ ಗೆರೆಗಳನ್ನು ಕಂಡರು. ಅಕ್ಟೋಬರ್ 20ರಂದು ಇಂಗ್ಲೆಂಡಿನಲ್ಲಿ ಲಾಕಿಯರ್ ಸ್ವತಂತ್ರವಾಗಿ ಕಂಡರು. ಹೀಗೆ ಪುನಃ ಪುನಃ ಅಳೆಯುವುದು ಸಾಧ್ಯವಾದ ಬಳಿಕ ಆ ಗೆರೆ ಸೋಡಿಯಂನದಲ್ಲವೆಂದು ಸಿದ್ಧವಾಯಿತು. ಅದಕ್ಕೆ ಕಾರಣವಾದ ಹೊಸ ಮೂಲವಸ್ತುವಿಗೆ ಹೀಲಿಯಂ ಎಂಬ ಹೆಸರು ಬಂದಿತು. 1895ರಲ್ಲಿ ರ‍್ಯಾಮ್ಸೆ ಅದನ್ನು ಭೂಮಿಯ ಖನಿಜವೊಂದರಿಂದಲೇ ಪಡೆದರು.

ಈ ವೃತ್ತಾಂತದಿಂದ ನಾವು ಗ್ರಹಿಸಬೇಕಾದ ಅಂಶ ಸ್ಪಷ್ಟ. ಗ್ರಹಣಕ್ಕೆಂದು ಹೂಡಿದ ಬಿಡಾರ ಗ್ರಹಣದೊಡನೆ ಮುಗಿಯುತ್ತದೆ. ಸಂದೇಹವನ್ನು ನಾಳೆ ಮತ್ತೆ ಪರೀಕ್ಷಿಸಲು ಸ್ಥಿರವಾದ ವೇಧಶಾಲೆ ಬೇಕು. ಹೈದರಾಬಾದಿನಲ್ಲಿ ನವಾಬ್ ಜಾಫರ್ ಜಂಗರು 1901ರಲ್ಲಿ ಆರಂಭಿಸಿದ ನಿಜಾಮಿಯಾ ವೇಧಶಾಲೆ 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಅಧೀನಕ್ಕೆ ಬಂದಿತು. ಆ ವಿಶ್ವವಿದ್ಯಾಲಯವು 1968ರಲ್ಲಿ ರಂಗಾಪುರದ ಬಳಿ 48 ಅಂಗುಲದ ದೂರದರ್ಶಕವನ್ನು ಸ್ಥಾಪಿಸಿತು. 1980ರ ಫೆಬ್ರವರಿ 16ರಂದು ಕರ್ನಾಟಕವನ್ನು ದಾಟಿಹೋದ ಚಂದ್ರನ ನೆರಳು ಆ ವೇಧಶಾಲೆಯ ಮೇಲೆಯೂ ಹಾಯ್ದಿತು. ಅಲ್ಲಿ ನೆರಳಿಗಾಗಿ ಬಿಡಾರ ಹೂಡಬೇಕಾಗಿರಲಿಲ್ಲ.

ದೊಡ್ಡ ದೂರದರ್ಶಕವಿಲ್ಲದ ಕಾಲೇಜೂ ಆರಂಭಿಸಬಹುದು. ಸಣ್ಣ ರೋಹಿತದರ್ಶಕವೊಂದು, ಜಲಜನಕದ ಮತ್ತು ಹೀಲಿಯಂನ ವಿಸರ್ಜನ ನಳಿಕೆಗಳು, ಉಪ್ಪು ಹಾಕಿದ ಜ್ವಾಲೆ ಇಷ್ಟಿದ್ದರೆ ಹರ್ಷೆಲರಿಗೆ ಎದುರಾದ ತೊಡಕನ್ನು ವಿದ್ಯಾರ್ಥಿಯು ಸ್ವತಃ ಅಳೆದು ನೋಡಬಹುದು. ಸೂರ್ಯನನ್ನು ಮಾತ್ರ ಎಂದಿಗೂ ನೇರವಾಗಿ ನೋಡಕೂಡದು. ಅವನ ಬಿಂಬವನ್ನು ಪರದೆಯ ಮೇಲೆ ಬೀಳಿಸಿ ನೋಡತಕ್ಕದ್ದು. ತಿಂಗಳಿಗೊಂದು ಸಂಜೆ ಊರಿನವರಿಗೂ ಬಾಗಿಲು ತೆರೆದಿರಲಿ. ಮುಧೋಳದ ರೈತನೂ ಬನಹಟ್ಟಿಯ ನೇಕಾರನೂ ಹಳದಿ ಗೆರೆಗಳೆರಡು ಬೇರೆಯೆಂದು ತಮ್ಮ ಕಣ್ಣಿನಿಂದಲೇ ಕಂಡರೆ, ಜಮಖಂಡಿಯಲ್ಲಿ ಅಂದು ಅರ್ಧಕ್ಕೆ ನಿಂತ ಅಳತೆ ಜಮಖಂಡಿಯ ಸೀಮೆಯಲ್ಲಿಯೇ ಪೂರ್ಣವಾದಂತೆ.