ತಾಂಡೂರಿನ ಕಲ್ಲು, ಡಿಗ್ರಿಯ ಕ್ರೆಡಿಟ್

ಪ್ರಶ್ನೆ: ಮಗಳು ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಕ್ರೆಡಿಟ್ ಸಿಗಬೇಕಾದರೆ ಪ್ರಾಜೆಕ್ಟ್ ಮಾಡಬೇಕಂತೆ. ಎಷ್ಟು ಕೆಲಸ? ನಮ್ಮ ತಾಂಡೂರಿನಲ್ಲೇ ಆಗುತ್ತದೆಯೇ?

ಉತ್ತರ: ಯುಜಿಸಿಯ 2022ರ ಪದವಿ ಚೌಕಟ್ಟಿನ ಪ್ರಕಾರ ಕ್ಷೇತ್ರಕಾರ್ಯಕ್ಕೆ ವಾರಕ್ಕೆರಡು ಗಂಟೆಯಂತೆ ಒಂದು ಸೆಮಿಸ್ಟರ್ ದುಡಿದರೆ ಒಂದು ಕ್ರೆಡಿಟ್, ಅಂದರೆ ಸುಮಾರು 30 ಗಂಟೆ. ನಾಲ್ಕು ಕ್ರೆಡಿಟ್ ಆದರೆ 120. ಪುಟಗಳೆಷ್ಟು, ಮೌಖಿಕ ಪರೀಕ್ಷೆ ಇದೆಯೇ ಎಂಬುದನ್ನು ಅವರವರ ವಿಶ್ವವಿದ್ಯಾಲಯವೇ ಗೊತ್ತುಮಾಡುತ್ತದೆ.

ಜಾಗಕ್ಕಂತೂ ದೂರ ಹೋಗಬೇಕಿಲ್ಲ. ನಿಮ್ಮ ಅಂಗಳದ ಫರ್ಸಿ (ಹಾಸುಗಲ್ಲು) ಭೀಮಾ ಜಲಾನಯನದ ಸುಣ್ಣಕಲ್ಲು, ಶಹಾಬಾದ್ ಕಲ್ಲಿನ ಬಳಗದ್ದೇ. ಅದರ ಮೇಲೆ ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಬಸಾಲ್ಟ್ ಆಯಿತು. ನಾರಾಯಣಖೇಡದ ಎರೆಮಣ್ಣು ಅದೇ ಬಸಾಲ್ಟ್ ಸವೆದು ಬಂದದ್ದು. ಜಹೀರಾಬಾದಿನ ಕಡೆ ಬಸಾಲ್ಟಿನ ನೆತ್ತಿಯ ಮೇಲೆ ಕೆಂಪು ಜಂಬಿಟ್ಟಿಗೆ. ಎರಡು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ನೋಡಲಿ: ಫರ್ಸಿ ಬುಸುಬುಸು ನೊರೆಯುತ್ತದೆ, ಹೊಸದಾಗಿ ಒಡೆದ ಬಸಾಲ್ಟ್ ಸುಮ್ಮನಿರುತ್ತದೆ.

ಸುತ್ತಿಗೆಗಿಂತ ನೋಟ್‌ಬುಕ್ ಮುಖ್ಯ. ಕಲ್ಲು ಸಿಕ್ಕ ಜಾಗ, ಪದರದ ದಪ್ಪ, ವಾಲು, ಮಾದರಿಯ ಸಂಖ್ಯೆ ಎಲ್ಲವನ್ನೂ ಅಲ್ಲೇ ನಿಂತು ಬರೆಯಬೇಕು. ಮನೆಗೆ ಬಂದು ನೆನಪಿನಿಂದ ತುಂಬಿಸಿದ್ದು ಮೇಷ್ಟ್ರಿಗೆ ತಿಳಿದುಬಿಡುತ್ತದೆ. ಗಣಿಗೆ ಇಳಿಯುವ ಮೊದಲು ಮಾಲೀಕರ ಒಪ್ಪಿಗೆ, ತಲೆಗೆ ಹೆಲ್ಮೆಟ್ ಇರಲಿ.