ಶಿವನಸಮುದ್ರವು ಉಳಿದಿದ್ದರೆ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಹನುಮಂತನ ದರ್ಶನ ಮಾಡಿ ಹೊಳೆಯ ದಡದಲ್ಲಿ ಕುಳಿತವರಿಗೆ, ಎದುರಿಗೆ ಹರಿಯುವ ನೀರು ಯಾವ ಕೋಟೆಯನ್ನು ಬಳಸಿ ಬಂದಿತೆಂಬುದು ಸಾಮಾನ್ಯವಾಗಿ ನೆನಪಿಗೆ ಬಾರದು. ಇಲ್ಲಿಂದ ಹೊಳೆಯ ಮೇಲುಗಡೆಗೆ ಹೋದರೆ ಶಿವನಸಮುದ್ರವು ಸಿಕ್ಕುವುದು. ಅಲ್ಲಿ ಕಾವೇರಿಯು ಎರಡು ಕವಲಾಗಿ, ನಡುವೆ ಒಂದು ದ್ವೀಪವನ್ನು ಬಿಟ್ಟು, ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುವುದು. ಉಮ್ಮತ್ತೂರಿನ ಅರಸು ಗಂಗರಾಜನು ನೆಚ್ಚಿದ್ದುದು ಈ ದ್ವೀಪದ ಕೋಟೆಯನ್ನು.

ಉಮ್ಮತ್ತೂರಿನವರು ಹೆಸರಿಗೆ ವಿಜಯನಗರದ ಸಾಮಂತರು. ನಡತೆಯಲ್ಲಿ ಬಹುಮಟ್ಟಿಗೆ ಸ್ವತಂತ್ರರು. ವೀರನರಸಿಂಹರಾಯನಿಗೆ ಅವರನ್ನು ಅಡಗಿಸಲಾಗಲಿಲ್ಲ. 1509ರಲ್ಲಿ ಪಟ್ಟಕ್ಕೆ ಬಂದ ಅವನ ತಮ್ಮ ಕೃಷ್ಣದೇವರಾಯನು ಮರುವರ್ಷವೇ ಈ ಕಡೆಗೆ ದಂಡೆತ್ತಿದನು. ಶಿವನಸಮುದ್ರದ ಮುತ್ತಿಗೆಯು ವರ್ಷಕ್ಕೂ ಮೇಲ್ಪಟ್ಟು ನಡೆಯಿತು. 1512ರ ಹೊತ್ತಿಗೆ ಕೋಟೆಯು ಬಿದ್ದಿತು. ಗಂಗರಾಜನು ಕಾವೇರಿಯಲ್ಲಿ ಮುಳುಗಿ ಮಡಿದನು. ಗೆದ್ದ ಸೀಮೆಯು ಹೊಸ ಪ್ರಾಂತವಾಗಿ, ಶ್ರೀರಂಗಪಟ್ಟಣವು ಅದರ ಆಡಳಿತದ ನೆಲೆಯಾಯಿತು.

ಈಗ ಒಂದು ಊಹೆಯನ್ನು ಮಾಡೋಣ. 1513ರಲ್ಲಿ ರಾಯನು ಗಜಪತಿಯ ಉದಯಗಿರಿಗೆ ಮುತ್ತಿಗೆ ಹಾಕಿದನು. ಆ ಯುದ್ಧವು ಹಲವು ವರ್ಷ ಬೆಳೆಯಿತು. ಅದೇ ಮೊದಲು ಒದಗಿದ್ದರೆ ಗಂಗರಾಜನಿಗೆ ಉಸಿರಾಡಲು ಕಾಲ ದೊರೆಯುತ್ತಿತ್ತು. ಅವನ ಮನೆತನವು 1565ರ ತಾಳೀಕೋಟೆಯ ಯುದ್ಧದವರೆಗೂ ಬಾಳಿದ್ದರೆ, ವಿಜಯನಗರದ ಹಿಡಿತ ಸಡಿಲವಾದಾಗ ಈ ಸೀಮೆಯಲ್ಲಿ ಮೊದಲು ತಲೆಯೆತ್ತುವವರು ಅವರೇ ಆಗಿರುತ್ತಿದ್ದರು. ಆಗಿನ್ನೂ ಚಿಕ್ಕ ಪಾಳೆಯಪಟ್ಟಾಗಿದ್ದ ಮೈಸೂರಿಗೆ ಬೆಳೆಯಲು ತೆರಪೆಲ್ಲಿ? ರಾಜ ಒಡೆಯರು 1610ರಲ್ಲಿ ರಾಯನ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ತೆಗೆದುಕೊಳ್ಳುವ ಪ್ರಸಂಗವೇ ಒದಗುತ್ತಿರಲಿಲ್ಲವೇನೋ.

ಆದರೆ ಊಹೆಗೂ ಒಂದು ಕಡಿವಾಣ ಬೇಕು. ಹೊಳೆಯು ಶತ್ರುವನ್ನು ಹೊರಗೆ ತಡೆಯುವಂತೆಯೇ ಒಳಗಿನವರನ್ನೂ ಕಟ್ಟಿಹಾಕುವುದು. ಕೋಟೆಯವರು ಉಣ್ಣುವ ಅನ್ನವು ಎರಡು ದಡಗಳ ಹಳ್ಳಿಗಳಿಂದ ಬರಬೇಕು. ದಡಗಳನ್ನು ಹಿಡಿದವನಿಗೆ ದ್ವೀಪವು ಇಂದಲ್ಲ ನಾಳೆ ವಶವಾಗಲೇಬೇಕು. ಆದುದರಿಂದ ಉಮ್ಮತ್ತೂರು ಉಳಿಯಬೇಕಾಗಿದ್ದರೆ ಬೇಕಾದುದು ಇನ್ನಷ್ಟು ಎತ್ತರದ ಗೋಡೆಯಲ್ಲ. ರಾಯನೊಡನೆ ಸಂಧಿ, ಇಲ್ಲವೆ ರಾಯನಿಗೆ ಬೇರೆಡೆ ತೊಂದರೆ.

ಇಂಥ ಊಹೆಯ ಪ್ರಯೋಜನವೇನೆಂದು ಕೇಳುವವರುಂಟು. ಮೈಸೂರಿನ ಏಳಿಗೆಯನ್ನು ನಾವು ಮೊದಲೇ ಬರೆದಿಟ್ಟ ವಿಧಿಯೆಂದು ಓದುತ್ತೇವೆ. ಅದರ ದಾರಿಯನ್ನು ಇನ್ನೊಂದು ಮನೆತನದ ಅಳಿವು ತೆರೆಯಿತೆಂಬುದನ್ನು ಮರೆಯುತ್ತೇವೆ. ಮುತ್ತತ್ತಿಯ ದಡದಲ್ಲಿ ಕುಳಿತಾಗ, ಗೆದ್ದವರ ಜೊತೆಗೆ ಆ ನೀರಿನಲ್ಲಿ ಮುಳುಗಿದವನನ್ನೂ ನೆನೆದರೆ ನಮ್ಮ ಚರಿತ್ರೆಯು ಹೆಚ್ಚು ನಿಜವಾಗುವುದು.