ಯಜಮಾನನಿಲ್ಲದ ಮಿಶ್ರಲೋಹ

ಪಂಚಲೋಹದ ವಿಗ್ರಹವನ್ನು ನೋಡದವರು ನಮ್ಮಲ್ಲಿ ವಿರಳ. ಹೆಸರಿಗೆ ಐದು ಲೋಹಗಳಿದ್ದರೂ ಅದರಲ್ಲಿ ದೊಡ್ಡ ಪಾಲು ತಾಮ್ರದ್ದೇ. ಉಳಿದವು ಒಗ್ಗರಣೆಯ ಸಾಸಿವೆಯಷ್ಟು. ಉಕ್ಕಿನಲ್ಲಿ ಕಬ್ಬಿಣ, ಹಿತ್ತಾಳೆಯಲ್ಲಿ ತಾಮ್ರ. ಹೀಗೆ ಒಂದು ಲೋಹ ಯಜಮಾನ, ಮಿಕ್ಕವು ಪರಿವಾರ. ಕಂಚಿನ ಯುಗದಿಂದಲೂ ಮಿಶ್ರಲೋಹಗಳ ತಯಾರಿಕೆ ಬಹುಮಟ್ಟಿಗೆ ಇದೇ ಪದ್ಧತಿಯಲ್ಲಿ ನಡೆದುಬಂದಿದೆ.

ಯಜಮಾನನೇ ಇಲ್ಲದಂತೆ ಐದು ಲೋಹಗಳನ್ನು ಸಮಪಾಲಿನಲ್ಲಿ ಬೆರೆಸಿದರೆ? ಪೆಟ್ಟು ಬಿದ್ದರೆ ಒಡೆಯುವ ಹಲವು ಸಂಯುಕ್ತಗಳು ಹುಟ್ಟುತ್ತವೆಂಬುದು ಲೋಹವಿಜ್ಞಾನಿಗಳ ನಿರೀಕ್ಷೆಯಾಗಿತ್ತು. 2004ರಲ್ಲಿ ಬ್ರಿಟನ್ನಿನ ಬ್ರಯಾನ್ ಕ್ಯಾಂಟರ್ ಮತ್ತು ಸಂಗಡಿಗರು ಕಬ್ಬಿಣ, ನಿಕ್ಕಲ್, ಕೋಬಾಲ್ಟ್, ಕ್ರೋಮಿಯಂ, ಮ್ಯಾಂಗನೀಸ್‌ಗಳನ್ನು ಸಮಪಾಲಿನಲ್ಲಿ ಬೆರೆಸಿದ ಲೋಹವನ್ನು ವರದಿ ಮಾಡಿದರು. ಐದೂ ಬಗೆಯ ಪರಮಾಣುಗಳು ಒಂದೇ ಸ್ಫಟಿಕ ರಚನೆಯಲ್ಲಿ ಸೇರಿಕೊಂಡಿದ್ದವು! ಅದೇ ವರ್ಷ ತೈವಾನಿನ ಜೆನ್-ವೇಯ್ ಯೇ ಇಂಥವಕ್ಕೆ 'ಹೈ ಎಂಟ್ರೊಪಿ' ಮಿಶ್ರಲೋಹ ಎಂಬ ಹೆಸರಿತ್ತರು. ಅದಕ್ಕೂ ಒಂದು ವರ್ಷ ಮೊದಲೇ, 2003ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಅವರು ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಈ ಬಹುಲೋಹ ಮಿಶ್ರಣಗಳತ್ತ ಗಮನ ಸೆಳೆದಿದ್ದರು.

ಎಂಟ್ರೊಪಿ ಎಂದರೆ ಪರಮಾಣುಗಳು ಎಷ್ಟು ಬಗೆಯಲ್ಲಿ ಜಾಗ ಬದಲಿಸಿ ಕೂರಬಹುದು ಎಂಬುದರ ಲೆಕ್ಕ. ಎರಡು ಲೋಹ ಸಮನಾಗಿ ಬೆರೆತರೆ ಅದು ಮೋಲ್-ಕೆಲ್ವಿನ್‌ಗೆ ಸುಮಾರು 5.8 ಜೂಲ್, ಐದು ಬೆರೆತರೆ 13.4 ಜೂಲ್. ಉಷ್ಣತೆ ಏರಿದಷ್ಟೂ ಈ ಬೆರಕೆಯ ಒಲವಿಗೆ ಬಲ ಹೆಚ್ಚು.

ಕರಗಿಸದೆ ಬೆರೆಸುವ ಬಗೆ

ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಟಂಗ್‌ಸ್ಟನ್‌ಗೆ 3,400 ಡಿಗ್ರಿಗೂ ಹೆಚ್ಚು ಬೇಕು. ಇಂಥವನ್ನು ಒಂದೇ ಮೂಸೆಯಲ್ಲಿ ಕರಗಿಸುವುದು ಕಷ್ಟ. ಕರಗಿಸಿದರೂ ಆರುವಾಗ ಒಂದೆಡೆ ಒಂದು ಲೋಹ, ಇನ್ನೊಂದೆಡೆ ಮತ್ತೊಂದು ಹೆಚ್ಚಾಗಿ ಉಳಿಯುತ್ತದೆ.

ಪುಡಿಯ ಮಾರ್ಗದಲ್ಲಿ ಈ ತೊಡಕಿಲ್ಲ. ಲೋಹಗಳ ಪುಡಿಯನ್ನು ಗಟ್ಟಿ ಗುಂಡುಗಳೊಡನೆ ಡಬ್ಬಿಗೆ ತುಂಬಿ, ಗಾಳಿ ತಾಗದಂತೆ ಮುಚ್ಚಿ, ಗಂಟೆಗಟ್ಟಲೆ ತಿರುಗಿಸುತ್ತಾರೆ. ಗುಂಡುಗಳ ನಡುವೆ ಸಿಕ್ಕ ಕಣ ಚಪ್ಪಟೆಯಾಗುತ್ತದೆ, ಪಕ್ಕದ ಕಣಕ್ಕೆ ಬೆಸೆದುಕೊಳ್ಳುತ್ತದೆ, ಮತ್ತೆ ಒಡೆಯುತ್ತದೆ. ಹಿಟ್ಟನ್ನು ಮಡಿಸಿ ಮಡಿಸಿ ನಾದಿದಂತೆ! 1960ರ ದಶಕದಲ್ಲಿ ಅಮೆರಿಕದ ಜಾನ್ ಬೆಂಜಮಿನ್ ನಿಕ್ಕಲ್ ಮಿಶ್ರಲೋಹಗಳಿಗಾಗಿ ರೂಪಿಸಿದ ವಿಧಾನವಿದು. ಮದರಾಸಿನ ಐಐಟಿಯಲ್ಲಿ ಬಿ.ಎಸ್. ಮೂರ್ತಿ ಮತ್ತು ಸಂಗಡಿಗರು ಇದೇ ಹಾದಿಯಲ್ಲಿ ಆರು ಲೋಹಗಳನ್ನು ಬೆರೆಸಿ 2008ರಲ್ಲಿ ವರದಿ ಮಾಡಿದರು.

ಬೆರೆತ ಪುಡಿಯನ್ನು ಗ್ರ್ಯಾಫೈಟ್ ಅಚ್ಚಿನಲ್ಲಿ ಒತ್ತಿ, ವಿದ್ಯುತ್ ಹಾಯಿಸಿ, ಕರಗುವ ಮಟ್ಟಕ್ಕಿಂತ ಕೆಳಗೇ ಕಾಯಿಸಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿ ಬಿಲ್ಲೆಯಾಗುತ್ತದೆ. ಸಮಯ ಕಡಿಮೆಯಾದ್ದರಿಂದ ಒಳಗಿನ ಹರಳುಗಳು ಬೆಳೆದು ದೊಡ್ಡವಾಗುವುದಿಲ್ಲ.

ಬಲ ಬರುವುದು ಎಲ್ಲಿಂದ?

ಹಾಸಿದ ಜಮಖಾನವನ್ನು ಇಡಿಯಾಗಿ ಎಳೆಯುವುದು ಕಷ್ಟ. ಒಂದು ಮಡಿಕೆ ಮಾಡಿ ಅದನ್ನು ತಳ್ಳುತ್ತಾ ಹೋದರೆ ಸುಲಭವಾಗಿ ಜರುಗುತ್ತದೆ. ಲೋಹ ಬಾಗುವುದೂ ಹೀಗೆಯೇ. ಪರಮಾಣುಗಳ ಸಾಲಿನಲ್ಲಿರುವ 'ಡಿಸ್ಲೊಕೇಶನ್' ಎಂಬ ದೋಷವೇ ಆ ಮಡಿಕೆ. ಅದರ ದಾರಿಗೆ ಅಡ್ಡಿ ಒಡ್ಡಿದರೆ ಲೋಹಕ್ಕೆ ಬಲ.

ಮೊದಲ ಅಡ್ಡಿ, ಗಾತ್ರದಲ್ಲಿ ಒಂದನ್ನೊಂದು ಹೋಲದ ಪರಮಾಣುಗಳು, ದಾರಿಯೇ ಏರುಪೇರು. ಎರಡನೆಯದು ಹರಳುಗಳ ನಡುವಿನ ಗಡಿ. 1950ರ ದಶಕದ ಆರಂಭದಲ್ಲಿ ಹಾಲ್ ಮತ್ತು ಪೆಚ್ ಕಂಡುಕೊಂಡ ಸೂತ್ರದಂತೆ, ಹರಳಿನ ಅಳತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿದರೆ ಗಡಿಗಳಿಂದ ಬರುವ ಬಲ ಇಮ್ಮಡಿಯಾಗುತ್ತದೆ. ಮೂರನೆಯದು ಪುಡಿಯೊಡನೆ ಬೆರೆಸಿದ ಆಕ್ಸೈಡಿನ ಅತಿಸಣ್ಣ ಕಣಗಳು. ಅಮೆರಿಕದ ನಾಸಾ ನಿಕ್ಕಲ್-ಕೋಬಾಲ್ಟ್-ಕ್ರೋಮಿಯಂ ಪುಡಿಗೆ ಯಿಟ್ರಿಯಂ ಆಕ್ಸೈಡ್ ಲೇಪಿಸಿ, ಲೇಸರ್‌ನಿಂದ ಪದರ ಪದರವಾಗಿ ಬೆಸೆದು ರೂಪಿಸಿದ ಮಿಶ್ರಲೋಹದ ವಿವರ 2023ರಲ್ಲಿ ಪ್ರಕಟವಾಯಿತು. ಸುಮಾರು 1,093 ಡಿಗ್ರಿ ಶಾಖದಲ್ಲೂ ಹೊರೆ ತಾಳುವುದು ಅದರ ಹೆಗ್ಗಳಿಕೆ.

ಬಿಡಿಸಬೇಕಾದ ಗಂಟು

ಬಲ ಪುಕ್ಕಟೆಯಾಗಿ ಬರುವುದಿಲ್ಲ. ಅರೆಯುವಾಗ ಗುಂಡು ಸವೆದು ಅದರ ಚೂರು ಪುಡಿಗೆ ಸೇರುತ್ತದೆ. ಇಂಗಾಲ ನುಸುಳಿದರೆ ಕ್ರೋಮಿಯಂ ಅದರೊಡನೆ ಕೂಡಿ ಕಾರ್ಬೈಡ್ ಆಗುತ್ತದೆ. ಸಣ್ಣ ರಂಧ್ರ ಉಳಿದರೂ ಬಿರುಕಿಗೆ ಅದೇ ಬಾಗಿಲು. ಹರಳು ತೀರಾ ಸಣ್ಣದಾದರೆ ಲೋಹ ಬಲವಾದರೂ ಬಾಗುವ ಗುಣ ಕುಗ್ಗುತ್ತದೆ.

ಇನ್ನೂ ಮುಖ್ಯವಾದುದು ಬೆರಕೆಯ ಬಾಳಿಕೆ. ಕ್ಯಾಂಟರ್ ಲೋಹವನ್ನು 500 ಡಿಗ್ರಿಯಲ್ಲಿ 500 ದಿನ ಇಟ್ಟಾಗ ಅದು ಬೇರೆ ಬೇರೆ ರಚನೆಗಳಾಗಿ ಒಡೆದುದು 2016ರಲ್ಲಿ ವರದಿಯಾಯಿತು. ಬೇರೊಂದು ವಿಧಾನದಿಂದ ಹರಳನ್ನು ಸುಮಾರು 50 ನ್ಯಾನೊಮೀಟರಿಗೆ ಇಳಿಸಿದ ಅದೇ ಲೋಹದಲ್ಲಿ 450 ಡಿಗ್ರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಈ ಬದಲಾವಣೆ ಆರಂಭವಾಗಿತ್ತು. ಬಲ ಕೊಡುವ ಗಡಿಗಳೇ ಪರಮಾಣುಗಳು ಸರಿದಾಡುವ ಹೆದ್ದಾರಿಗಳೂ ಹೌದು! ಎಂಟ್ರೊಪಿಯೊಂದನ್ನೇ ನಂಬಿ ಎಂಜಿನ್ ಕಟ್ಟಲಾಗದು.

ಪಿಯುಸಿಯ ರಸಾಯನಶಾಸ್ತ್ರದಲ್ಲಿ ಎಂಟ್ರೊಪಿಯ ಪಾಠವನ್ನು ಅಂಕಕ್ಕಾಗಿ ಓದಿ ಮರೆಯುವವರೇ ಹೆಚ್ಚು. ಅದೇ ಪಾಠದ ಮುಂದುವರಿಕೆ ಸುರತ್ಕಲ್‌ನ ಎನ್‌ಐಟಿಕೆಯ ಲೋಹವಿಜ್ಞಾನ ವಿಭಾಗದಲ್ಲೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೂ ಸಿಗುತ್ತದೆ. ಯಾವ ಲೋಹಗಳನ್ನು ಎಷ್ಟೆಷ್ಟು ಬೆರೆಸಬೇಕು, ಎಷ್ಟು ಹೊತ್ತು ಅರೆಯಬೇಕು ಎಂಬುದಕ್ಕೆ ಇನ್ನೂ ಪೂರ್ಣ ಉತ್ತರ ದೊರೆತಿಲ್ಲ. ಕುತೂಹಲವುಳ್ಳ ಮಕ್ಕಳಿಗೆ ಅಲ್ಲಿ ಬೇಕಾದಷ್ಟು ಕೆಲಸ ಕಾದಿದೆ.